ಕಾರ್ಖಾನೆಯ ರುಚಿ

ನಮ್ಮ ಮನೆಗೆ ಒಂದು ಹೂಕೋಸು ಬಂದರೆ ಯಾಕೆ ಬಂತು, ಎಷ್ಟಕ್ಕೆ ಬಂತು, ಅರ್ಧ ಸಾಕಿತ್ತಲ್ಲವೇ ಎಂದು ವಿಚಾರಣೆ ನಡೆಯುತ್ತದೆ. ಒಂದು ಮೂಟೆ ನೂಡಲ್ಸ್ ಬಂದರೆ ಯಾರೂ ತಲೆಯೆತ್ತಿಯೂ ನೋಡುವುದಿಲ್ಲ. ಹೂಕೋಸಿಗೆ ಗಂಟು ಬಿಚ್ಚಬೇಕು. ನೂಡಲ್ಸ್ ಅಮ್ಮನ ಕಾರ್ಖಾನೆಯಿಂದ ಬರುತ್ತದೆ.

ಅಮ್ಮ ಕೆಲಸ ಮಾಡುವುದು ನೂಡಲ್ಸ್ ಮತ್ತು ಸೂಪು ಪುಡಿಯ ಕಾರ್ಖಾನೆಯಲ್ಲಿ. ಅವಳದು ಪುಡಿ ತುಂಬುವ ವಿಭಾಗ. ಮೇಲೆ ದೊಡ್ಡದೊಂದು ಆಲಿಕೆ, ಅದರಿಂದ ಹಳದಿ ಪುಡಿ ಪುಟ್ಟ ಪೊಟ್ಟಣಗಳಿಗೆ ಇಳಿಯುತ್ತಲೇ ಇರುತ್ತದೆ. ಬಾಯಿ ಸೊಟ್ಟಗೆ ಮುಚ್ಚಿಕೊಂಡ, ಅಚ್ಚು ಮಸುಕಾದ ಪ್ಯಾಕೆಟ್ಟುಗಳನ್ನು ಅಂಗಡಿಗೆ ಕಳಿಸುವಂತಿಲ್ಲ. ಅವನ್ನು ಶನಿವಾರ ಗೇಟಿನ ಹತ್ತಿರ ಕೆಲಸದವರಿಗೆ ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಡುತ್ತಾರೆ. ನನಗೆ ಬುದ್ಧಿ ತಿಳಿದಾಗಿನಿಂದ ನಮ್ಮ ಅಡುಗೆಮನೆಯ ಕಪಾಟು ತುಂಬಿರುವುದು ಈ ಸೊಟ್ಟ ಪ್ಯಾಕೆಟ್ಟುಗಳಿಂದಲೇ. ನಾನು ಮಗ್ಗಿ ಕಲಿತದ್ದು, ಹೈಸ್ಕೂಲು ದಾಟಿದ್ದು, ಪದವಿ ಮುಗಿಸಿದ್ದು ಎಲ್ಲ ಅವುಗಳ ಬಲದ ಮೇಲೆ. ಮೇಲಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಅತ್ತೆ, ಅಂದರೆ ಅಪ್ಪನ ಅಕ್ಕ, ನನ್ನನ್ನು ನೋಡಿದಾಗಲೆಲ್ಲ ಈ ಹುಡುಗಿಯ ಮೈಯಲ್ಲಿ ಓಡುತ್ತಿರುವುದು ರಕ್ತವಲ್ಲ, ಸೂಪು ಎನ್ನುತ್ತಿದ್ದರು.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಅಪ್ಪ ಬಸ್ ಡ್ರೈವರ್, ಮತ್ತು ಡ್ರೈವರುಗಳನ್ನು ವರ್ಷಕ್ಕೊಮ್ಮೆ ಡಿಪೋದ ಡಾಕ್ಟರು ಪರೀಕ್ಷೆ ಮಾಡುತ್ತಾರೆ.

ಈ ಸಲ ಅಪ್ಪ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅಷ್ಟುದ್ದದ ಬಸ್ಸನ್ನು ಸಂದಿಯಲ್ಲಿ ತಿರುಗಿಸುವ ಮನುಷ್ಯ ಬಿಳಿ ಕೋಟು ಕಂಡರೆ ಮಾತು ಮರೆತುಬಿಡುತ್ತಾರೆ. ನಾಲ್ಕಕ್ಷರ ಓದಿದವಳು, ಮಾತಾಡುತ್ತಾಳೆ ಎಂದು ನನ್ನನ್ನು ನಂಬಿದ್ದರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ನಾನು ಅಂಗಡಿಯಲ್ಲಿ ಚಿಲ್ಲರೆ ತಪ್ಪು ಕೊಟ್ಟರೂ ಹೇಳಲಾರದೆ ಮನೆಗೆ ಬರುವವಳು. ಹೇಳಬೇಕಾದ ವಾಕ್ಯ ನನ್ನ ತಲೆಯಲ್ಲಿ ಚೆನ್ನಾಗಿಯೇ ತಯಾರಾಗುತ್ತದೆ, ಗಂಟಲಿಗೆ ಬರುವ ಹೊತ್ತಿಗೆ ಎದುರಿನವರು ಬೇರೆ ವಿಷಯಕ್ಕೆ ಹೋಗಿರುತ್ತಾರೆ.

ಡಾಕ್ಟರು ಅಪ್ಪನ ತೋಳಿಗೆ ಪಟ್ಟಿ ಸುತ್ತಿ ಒತ್ತಡ ನೋಡಿದರು, ಬಿಚ್ಚಿ ಇನ್ನೊಂದು ತೋಳಿಗೆ ಸುತ್ತಿ ಮತ್ತೆ ನೋಡಿದರು. ದಿನಾ ಏನು ಊಟ ಮಾಡುತ್ತೀರಿ ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನಾನು ಪ್ಯಾಕೆಟ್ಟು ಎಂದೆ. ಕೇಳಿಸಲಿಲ್ಲ ಎಂದರು. ಪ್ಯಾಕೆಟ್ಟು ಎಂದು ಇನ್ನೊಮ್ಮೆ ಹೇಳುವ ಹೊತ್ತಿಗೆ ನನ್ನ ಕಿವಿ ಬಿಸಿಯಾಗಿತ್ತು. ಆಮೇಲೆ ಅವರು ಅಪ್ಪನನ್ನು ಬಿಟ್ಟು ನನಗೇ ಹೇಳತೊಡಗಿದರು. ಮಾತ್ರೆ ಕೊಡುತ್ತೇನೆ, ಆದರೆ ಒಂದು ಕಡೆ ಉಪ್ಪು ಸುರಿಯುತ್ತಿದ್ದರೆ ಇನ್ನೊಂದು ಕಡೆ ಮಾತ್ರೆ ಏನು ಮಾಡೀತು, ಪುಡಿ ಪೊಟ್ಟಣ ಎಲ್ಲ ನಿಲ್ಲಬೇಕು, ತರಕಾರಿ, ಕಾಳು, ಹಣ್ಣು ತಿನ್ನಬೇಕು, ಮುಂದಿನ ತಿಂಗಳ ಕೊನೆಗೆ ಮತ್ತೆ ನೋಡುತ್ತೇನೆ, ಇಳಿಯದಿದ್ದರೆ ಸ್ಟೀರಿಂಗ್ ಮುಟ್ಟುವ ಹಾಗಿಲ್ಲ ಎಂದರು.

ಸ್ಟೀರಿಂಗ್ ಬಿಡಿಸಿಕೊಂಡ ಡ್ರೈವರುಗಳನ್ನು ಡಿಪೋದ ಅಂಗಳದಲ್ಲಿ ನಾನು ನೋಡಿದ್ದೇನೆ. ಪೈಪು ಹಿಡಿದು ಬಸ್ಸು ತೊಳೆಯುತ್ತಾರೆ. ಯಾರಾದರೂ ಬಸ್ಸನ್ನು ಹಿಂದಕ್ಕೆ ತೆಗೆಯುವಾಗ ಕೆಲಸ ಬಿಟ್ಟು ನಿಲ್ಲುತ್ತಾರೆ, ಅವರ ಬಲಗೈ ತಾನಾಗಿಯೇ ಗಾಳಿಯಲ್ಲಿ ತಿರುಗುತ್ತದೆ. ಹೊರಗೆ ಬಂದಾಗ ಅಪ್ಪ ಅವರಲ್ಲಿ ಒಬ್ಬರನ್ನು ನೋಡಿ, ನೋಡದವರ ಹಾಗೆ ಆಚೆ ತಿರುಗಿದರು.

ಮನೆಗೆ ಬಂದು ವಿಷಯ ಹೇಳಿದಾಗ ಅಮ್ಮ ಕೂದಲು ಬಾಚಿಕೊಳ್ಳುತ್ತಿದ್ದಳು. ಬಾಚಣಿಗೆ ಅಲ್ಲೇ ನಿಂತಿತು.

“ಹಾಗಾದ್ರೆ ಇಷ್ಟು ವರ್ಷ ನಾನು ನಿಮಗೆಲ್ಲ ವಿಷ ಹಾಕ್ದೆ ಅಂತಾಯ್ತು.”

ಯಾರೂ ಹಾಗೆ ಹೇಳಿರಲಿಲ್ಲ. ಆದರೆ ಅದನ್ನು ಹೇಳುವ ವಾಕ್ಯ ನನ್ನ ತಲೆಯಲ್ಲಿ ತಯಾರಾಗುವ ಮೊದಲೇ ಅವಳು ಕಪಾಟು ಖಾಲಿ ಮಾಡಲು ಶುರುಮಾಡಿದ್ದಳು. ಒಂದೊಂದೇ ಪ್ಯಾಕೆಟ್ಟನ್ನು ಚೀಲಕ್ಕೆ ಎಸೆದಳು, ಬಾಯಿ ಕಟ್ಟಿದಳು, ಮೇಲೆ ಹೊತ್ತುಕೊಂಡು ಹೋಗಿ ಅತ್ತೆಯ ಕೋಣೆಯಲ್ಲಿ ಕುಕ್ಕಿ ಬಂದಳು. ನಾಳೆಯಿಂದ ಅಡುಗೆ ನಿನ್ನದು, ಕೆಲಸ ಸಿಗುವ ತನಕ ಮನೆಯಲ್ಲೇ ಇರುತ್ತೀಯಲ್ಲ, ಆ ಡಾಕ್ಟರು ಹೇಳಿದ ಹಾಗೆ ಮಾಡು ಎಂದಳು. ಒಂದನ್ನು ಮಾತ್ರ ಬಿಟ್ಟುಕೊಡಲಿಲ್ಲ. ಅಪ್ಪನ ಡ್ಯೂಟಿ ಮಧ್ಯಾಹ್ನದ ಮೇಲೆ. ಅಮ್ಮ ಬೆಳಗಿನ ಪಾಳಿ ಮುಗಿಸಿ ಬಂದು, ಕೈ ತೊಳೆದು, ಅವರ ಊಟದ ಡಬ್ಬಿ ತುಂಬಿ ಮುಚ್ಚಳ ಹಾಕಿದ ಮೇಲೆಯೇ ಅವರು ಮನೆ ಬಿಡುವುದು. ಮದುವೆಯಾದಾಗಿನಿಂದ ಆ ಮುಚ್ಚಳ ಬೇರೆ ಯಾರ ಕೈಯಲ್ಲೂ ಮುಚ್ಚಿದ್ದಿಲ್ಲ. ಅವಳಿಗೆ ಜ್ವರ ಬಂದ ದಿನ ಡಬ್ಬಿಯನ್ನು ಹಾಸಿಗೆಗೆ ತರಿಸಿಕೊಂಡು ಮುಚ್ಚಿದ್ದಳು.

ಮೆಟ್ಟಿಲಿನ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅತ್ತೆ ತೀರ್ಪು ಕೊಟ್ಟರು.

“ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಅಂತಾರೆ. ನೀನು ಎರಡನ್ನೂ ಒಟ್ಟಿಗೇ ಎದುರು ಹಾಕ್ಕೊಂಡ್ಯಲ್ಲೇ, ಪುಣ್ಯಾತ್ಗಿತ್ತಿ.”

ಮೊದಲ ವಾರ ನಾನು ಮಾತಾಡಬೇಕಿಲ್ಲದ ಅಂಗಡಿಗೆ ಹೋದೆ. ಎಲ್ಲದರ ಮೇಲೂ ಬೆಲೆ ಅಂಟಿಸಿರುವ, ತರಕಾರಿಯ ಮೇಲೆ ಸಣ್ಣಗೆ ನೀರು ಚಿಮುಕಿಸುವ, ತಣ್ಣನೆಯ ಅಂಗಡಿ. ಯಾರೊಂದಿಗೂ ಒಂದು ಮಾತಿಲ್ಲದೆ ಚೀಲ ತುಂಬಿಸಿಕೊಂಡು ಬಂದೆ. ವಾರದ ನಡುವೆಯೇ ವಾರದ ದುಡ್ಡು ಮುಗಿಯಿತು. ಅಮ್ಮ ಏನೂ ಅನ್ನಲಿಲ್ಲ. ಖಾಲಿ ಕಪಾಟಿನ ಬಾಗಿಲನ್ನು ಒಮ್ಮೆ ತೆಗೆದು ಒಮ್ಮೆ ಹಾಕಿದಳು, ಅಷ್ಟೇ. ಅಂದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹಾಗಾಗಿ ಬೀದಿಯ ಸಂತೆಗೆ ಹೋಗಬೇಕಾಯಿತು. ಅಲ್ಲಿ ಬಾಯಿದ್ದವರಿಗೆ ಮಾತ್ರ ಬದುಕು. ನಾನು ಬೀನ್ಸಿನ ಮುಂದೆ ನಿಂತು ವಾಕ್ಯ ಜೋಡಿಸಿಕೊಳ್ಳುವಷ್ಟರಲ್ಲಿ ನನ್ನ ಹೆಗಲ ಮೇಲಿಂದ ಒಂದು ಕೈ ಬಂದು ಬೀನ್ಸು ಎತ್ತಿಕೊಳ್ಳುತ್ತಿತ್ತು, ಕಂಕುಳ ಕೆಳಗಿನಿಂದ ಇನ್ನೊಂದು ಕೈ ಬಂದು ಚಿಲ್ಲರೆ ತೆಗೆದುಕೊಳ್ಳುತ್ತಿತ್ತು. ಮೂಲೆಯ ತರಕಾರಿಯವಳು ಎರಡು ದಿನ ನೋಡಿ ನನಗೆ ಮೌನಗೌರಿ ಎಂದು ಹೆಸರಿಟ್ಟಳು. ಮೂರನೆಯ ದಿನ, ಸಂತೆ ಎತ್ತುವ ಹೊತ್ತಿಗೆ ಬಾ, ಆಗ ಗುಡ್ಡೆ ಲೆಕ್ಕ, ಒಂದು ಗುಡ್ಡೆ ಎತ್ತಿಕೊ, ದುಡ್ಡು ಇಡು, ಹೋಗು, ಅದಕ್ಕೆ ಬಾಯಿ ಬೇಕಾಗಿಲ್ಲ ಎಂದಳು.

ಗುಡ್ಡೆಯಲ್ಲಿ ಬರುವುದು ಬೆಳಗ್ಗೆಯಿಂದ ಎಲ್ಲರೂ ಮುಟ್ಟಿ, ಒತ್ತಿ, ಬೇಡವೆಂದು ಬಿಟ್ಟದ್ದು. ಸೊಟ್ಟ ಕ್ಯಾರೆಟ್ಟು, ಬಿರಿದ ಟೊಮೆಟೊ, ಮುಖ ಬಾಡಿದ ಸೊಪ್ಪು, ಮುದುಡಿದ ನಿಂಬೆಹಣ್ಣು. ಆದರೂ ತರಕಾರಿ ತರಕಾರಿಯೇ. ದುಡ್ಡು ವಾರದ ಕೊನೆ ಮುಟ್ಟತೊಡಗಿತು. ಕಾಳು, ಬೇಳೆಯನ್ನು ದೊಡ್ಡ ಚೀಲದಿಂದ ತೂಗಿಕೊಡುವ ಅಂಗಡಿಯಲ್ಲಿ ತಂದೆ. ಬೆಳಗಿನ ಬಿಸ್ಕೆಟ್ಟಿನ ಬದಲು ಮೊಟ್ಟೆ ಬೇಯಿಸಿದೆ. ನನ್ನ ಚೀಲವನ್ನು ಇಣುಕಿ ನೋಡಿದ ಅತ್ತೆ, ನಿಮ್ಮಮ್ಮ ತಂದದ್ದು ಕಾರ್ಖಾನೆಯ ಸೊಟ್ಟ, ನೀನು ತರುವುದು ಮಣ್ಣಿನ ಸೊಟ್ಟ, ಒಟ್ಟಿನಲ್ಲಿ ನೆಟ್ಟಗಿರುವುದು ಈ ಮನೆಯ ಹಣೆಯಲ್ಲಿ ಬರೆದಿಲ್ಲ ಎಂದರು. ಆ ತರಕಾರಿಯವಳಾದರೋ, ಒಂದು ದಿನ ನಾನು ಹೋದಾಗ ಬುಟ್ಟಿಗಳ ಹಿಂದೆ ಕುಳಿತು ನೂಡಲ್ಸ್ ತಿನ್ನುತ್ತಿದ್ದಳು. ನಾನು ನೋಡಿದ್ದನ್ನು ನೋಡಿ, ದಿನವಿಡೀ ಈ ತರಕಾರಿಯ ಮುಖ ನೋಡುತ್ತೀನಿ, ತಿನ್ನೋದಕ್ಕೂ ಇದೇನಾ ಎಂದಳು.

ತಾಜಾ ತಿನ್ನಿ, ತಾಜಾ ತಿನ್ನಿ ಎಂದು ಎಲ್ಲರೂ ಬರೆಯುತ್ತಾರೆ, ಟೀವಿಯಲ್ಲಿ ಹೇಳುತ್ತಾರೆ. ಅವರಲ್ಲಿ ಒಬ್ಬರೂ ಸೊಪ್ಪು ಬಿಡಿಸಿಕೊಡಲು ಬರುವುದಿಲ್ಲ. ಒಂದು ಕಟ್ಟು ಸೊಪ್ಪಿನಲ್ಲಿ ಅರ್ಧ ಮಣ್ಣು, ಕಾಲು ದಂಟು. ಉಳಿದದ್ದು ಬೇಯಿಸಿದರೆ ಅಂಗೈಯಷ್ಟಾಗುತ್ತದೆ. ಕಾಳು ನೆನೆಹಾಕಲು ಮರೆತರೆ ಮರುದಿನ ಅದು ಗುಂಡಿನ ಹಾಗೆ ಬಟ್ಟಲಲ್ಲಿ ಟಣ್ ಎನ್ನುತ್ತದೆ. ಬಿರಿದ ಟೊಮೆಟೊ ನಾಳೆಯವರೆಗೆ ಕಾಯುವುದಿಲ್ಲ. ನನ್ನ ಬೆಳಗುಗಳೆಲ್ಲ ಸಿಂಕಿನ ಮುಂದೆ ಹೋದವು. ಕೆಲಸಕ್ಕೆ ಅರ್ಜಿ ಬರೆಯಲು ಕುಳಿತರೆ ಕಾಗದದ ಮೇಲೆ ಉಗುರಿನ ಹಸಿರು ಕಲೆ ಬೀಳುತ್ತಿತ್ತು. ಇಷ್ಟು ಮಾಡಿದ ಮೇಲೆ ಮೊದಮೊದಲು ಡಬ್ಬಿ ಅರ್ಧಕ್ಕರ್ಧ ವಾಪಸು ಬಂತು. ಅಪ್ಪ ಬೈಯಲಿಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಇಂಥದೇ ಊಟ ಕೊಡುತ್ತಿದ್ದರು ಎಂದು ಹಳೆಯ ಕಥೆ ಹೇಳುವ ಹಾಗೆ ಹೇಳಿದರು. ಆ ದಿನ ನಾನು ಬಚ್ಚಲುಮನೆಗೆ ಹೋಗಿ ನಲ್ಲಿ ತಿರುಗಿಸಿಟ್ಟು ಅತ್ತುಬಿಟ್ಟೆ. ಹೊರಗೆ ಬಂದಾಗ ಅಮ್ಮ ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದಳು.

ಅದಾದ ಮೇಲೆ ಡಬ್ಬಿ ಬರಿದಾಗಿ ಬರತೊಡಗಿತು.

ಬೆರಳಿನಿಂದ ಒರೆಸಿದಷ್ಟು ಬರಿದು. ಬೇಳೆ ಸೊಪ್ಪು ಭೇಷಾಗಿತ್ತು ಎಂದು ಅಪ್ಪ ಹೇಳಿದರು. ಕುಂಬಳಕಾಯಿಯನ್ನು ಕಂಡಕ್ಟರು ಒಂದು ಚಮಚ ಕೇಳಿ ಇಸಿದುಕೊಂಡನಂತೆ. ನಿಮ್ಮ ಮಗಳ ಕೈಗುಣ ಎಂದನಂತೆ. ನಾನು ಪಾತ್ರೆಯಿಂದ ಬಡಿಸಿಕೊಂಡು ತಿಂದರೆ ನನಗೇನೋ ಅದು ಮೊದಲಿನಷ್ಟೇ ಸಪ್ಪೆ. ಆದರೆ ಮಾಡಿದವರಿಗೆ ರುಚಿ ತಿಳಿಯುವುದಿಲ್ಲ ಎನ್ನುತ್ತಾರಲ್ಲ, ಹಾಗಿರಬೇಕು ಎಂದುಕೊಂಡೆ. ಸೊಪ್ಪು ಬಿಡಿಸುವಾಗ ಹಾಡು ಗುನುಗುವಷ್ಟು ಖುಷಿಯಾಯಿತು.

ಡಾಕ್ಟರು ಹೇಳಿದ ಗಡುವು ಅರ್ಧ ಕಳೆದಿತ್ತು. ಅಪ್ಪನನ್ನು ನಮ್ಮ ಬೀದಿಯ ಔಷಧಿ ಅಂಗಡಿಗೆ ಕರೆದುಕೊಂಡು ಹೋಗಿ ಒತ್ತಡ ನೋಡಿಸಿದೆ. ಒಂದು ಚೂರೂ ಇಳಿದಿರಲಿಲ್ಲ. ಅಂಗಡಿಯವನು ಪಟ್ಟಿ ಬಿಚ್ಚುತ್ತಾ, ಊಟದಲ್ಲಿ ಸ್ವಲ್ಪ ನೋಡಿಕೊಳ್ಳಿ, ತರಕಾರಿ ಗಿರಕಾರಿ ತಿನ್ನಿ ಎಂದು ಬುದ್ಧಿ ಹೇಳಿದ. ನನಗೆ ಆ ಪಟ್ಟಿಯನ್ನು ಅವನ ಬಾಯಿಗೆ ಸುತ್ತುವ ಹಾಗಾಯಿತು. ಮನೆ ಹತ್ತಿರ ಬಂದಾಗ ಅಪ್ಪ, ಬಸ್ಸು ತೊಳೆಯುವವರಿಗೆ ರಬ್ಬರ್ ಬೂಟು ಡಿಪೋದವರೇ ಕೊಡುತ್ತಾರಂತೆ ಎಂದರು.

ಮಾತ್ರೆ ನಾನೇ ಕೈಗೆ ಕೊಡುತ್ತಿದ್ದೆ. ಅಡುಗೆ ನನ್ನದು. ಹಾಗಾದರೆ ಉಪ್ಪು ಎಲ್ಲಿಂದ ಬಂತು? ಯೋಚಿಸಿದರೆ ಒಂದೇ ದಾರಿ ಕಂಡಿತು. ಅಮ್ಮ ಹೊತ್ತುಕೊಂಡು ಹೋಗಿ ಕುಕ್ಕಿದ ಚೀಲ ಮೇಲಿನ ಕೋಣೆಯಲ್ಲಿದೆ. ಅಪ್ಪ ಡ್ಯೂಟಿಗೆ ಹೊರಡುವ ಮೊದಲು ಅಕ್ಕನನ್ನು ಮಾತಾಡಿಸಿ ಬರುತ್ತೇನೆಂದು ದಿನಾ ಮೆಟ್ಟಿಲು ಹತ್ತುತ್ತಾರೆ. ಅಕ್ಕನಿಗೆ ತಮ್ಮ ಅಂದರೆ ಜೀವ.

ಮೆಟ್ಟಿಲು ಹತ್ತುವಾಗ ವಾಕ್ಯವನ್ನು ಅಳೆದು ಸುರಿದು ಸಿದ್ಧ ಮಾಡಿಕೊಂಡಿದ್ದೆ. ಮೇಲೆ ಹೋದಾಗ ಬಂದದ್ದು ಅದರ ಬಾಲ ಮಾತ್ರ.

“ಅತ್ತೆ, ಅಪ್ಪನಿಗೆ ನೂಡಲ್ಸ್...”

ಅತ್ತೆ ಯಂತ್ರದ ಗಾಲಿಯನ್ನು ಅಂಗೈಯಲ್ಲಿ ಹಿಡಿದು ನಿಲ್ಲಿಸಿದರು. ನನ್ನನ್ನು ಕೆಳಗಿನಿಂದ ಮೇಲಿನ ತನಕ ನೋಡಿದರು. ಆಮೇಲೆ ಎದ್ದು ನಿಂತು, ತಾವು ಕುಳಿತಿದ್ದ ಆಸನದ ಮೇಲಿನ ದುಪ್ಪಟಿ ಎಳೆದರು. ಅದು ಅಮ್ಮನ ಚೀಲ. ಕಟ್ಟಿದ ಗಂಟು ಕಟ್ಟಿದ ಹಾಗೇ ಇತ್ತು.

“ಕುರ್ಚಿ ತಗ್ಗಾಗಿತ್ತು, ಇದು ಸರಿಯಾಗಿ ಕೂತಿದೆ. ಬಿಚ್ಚಿ ಎಣಿಸ್ಕೋ. ನನ್ನ ತಮ್ಮನ ಸ್ಟೀರಿಂಗ್ ಕಿತ್ಕೊಳ್ಳೋಕೆ ನಾನೇನು ಅವನ ದಾಯಾದಿನಾ?”

ಮುಖ ಎಲ್ಲಿಡಬೇಕೋ ತಿಳಿಯದೆ ಇಳಿದು ಬಂದೆ. ಅಂದಿನಿಂದ ಅತ್ತೆ ನನ್ನೊಂದಿಗೆ ಮಾತು ಬಿಟ್ಟರು. ಯಂತ್ರವನ್ನು ಮಾತ್ರ ಬೇಕೆಂದೇ ಜೋರಾಗಿ ತುಳಿದರು.

ಆ ವಾರವೇ ಒಂದು ದಿನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅಪ್ಪನಿಗೆ ಊಟಕ್ಕೆ ಸಮಯ ಸಿಗಲಿಲ್ಲ. ಡಬ್ಬಿ ತುಂಬಿದ್ದು ತುಂಬಿದ ಹಾಗೇ ವಾಪಸು ಬಂತು. ಮರುದಿನ ಬೆಳಗ್ಗೆ ತೊಳೆಯಲೆಂದು ಸಿಂಕಿನ ಹತ್ತಿರ ಅದರ ಮುಚ್ಚಳ ತೆಗೆದೆ.

ಆ ವಾಸನೆ ನನಗೆ ಗೊತ್ತಿತ್ತು. ಶನಿವಾರದ ವಾಸನೆ. ಅಮ್ಮ ಮನೆಯೊಳಗೆ ಕಾಲಿಡುವ ಮೊದಲೇ ಅವಳ ಸೀರೆಯಿಂದ ಒಳಗೆ ಬರುತ್ತಿದ್ದ ವಾಸನೆ. ನಾನು ಹಿಂದಿನ ಬೆಳಗೆಲ್ಲ ಕೂತು ಬಿಡಿಸಿದ ಸೊಪ್ಪು, ನೆನೆಸಿ ಬೇಯಿಸಿದ ಕಾಳು ಎಲ್ಲದರ ಮೇಲೂ ಹಳದಿ ಎಣ್ಣೆ ತೇಲುತ್ತಿತ್ತು. ಬೆರಳಲ್ಲಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡೆ. ಹಿಂದಿನ ದಿನ ಅದೇ ಪಾತ್ರೆಯಿಂದ ನಾನೂ ಉಂಡಿದ್ದೆ. ಆದರೆ ಇದು ನನ್ನ ಅಡುಗೆಯಾಗಿರಲಿಲ್ಲ.

ಮಧ್ಯಾಹ್ನ ಅಮ್ಮ ಪಾಳಿ ಮುಗಿಸಿ ಬಂದಾಗ ನಾನು ಅಡುಗೆಮನೆಯ ಬಾಗಿಲಿನ ಪಕ್ಕದಲ್ಲೇ ನಿಂತಿದ್ದೆ. ಅಡಗಿ ನಿಲ್ಲುವ ಅಗತ್ಯವೇ ಬರಲಿಲ್ಲ. ನಾನು ಇದ್ದರೂ ಇಲ್ಲದ ಹಾಗೆ ಇರುವುದು ಈ ಮನೆಯಲ್ಲಿ ಎಲ್ಲರಿಗೂ ರೂಢಿ. ಅವಳ ಹುಬ್ಬಿನ ಮೇಲೆ, ಮುಂಗೈಯ ಕೂದಲಿನಲ್ಲಿ ಪುಡಿ ಕೂತಿತ್ತು. ಕೈ ತೊಳೆದಳು. ಪಾತ್ರೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡಳು. ಮುಖ ಕಿವುಚಿದಳು. ತನ್ನ ಕೈಚೀಲದಿಂದ ಒಂದು ಪುಟ್ಟ ಸ್ಟೀಲು ಭರಣಿ ತೆಗೆದು, ಡಬ್ಬಿಗೆ ಹಾಕಿದ ಊಟದ ಮೇಲೆ ಉದುರಿಸಿ, ಕಲಸಿ, ಮತ್ತೆ ರುಚಿ ನೋಡಿದಳು. ತಲೆಯಾಡಿಸಿದಳು. ಇನ್ನೊಮ್ಮೆ ಉದುರಿಸಿದಳು. ಆಮೇಲೆ ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದಳು.

“ಅಮ್ಮ, ಅದೇನು?” ಎಂದೆ.

ಅವಳು ಬೆಚ್ಚಲಿಲ್ಲ, ಮುಚ್ಚಿಡಲೂ ಇಲ್ಲ. ಪಾಳಿ ಮುಗಿದಾಗ ಆಲಿಕೆ ಖಾಲಿ ಮಾಡಬೇಕಲ್ಲ, ತಳದಲ್ಲಿ ಉಳಿದದ್ದನ್ನು ನಾವು ಹೆಂಗಸರು ಹಂಚಿಕೊಳ್ಳುತ್ತೇವೆ, ಚೊಕ್ಕಟವಾದದ್ದೇ ಎಂದಳು. ಡಾಕ್ಟರು ಇದನ್ನೇ ಅಲ್ಲವೇ ಬೇಡ ಎಂದದ್ದು ಎಂದು ಕೇಳಿದೆ. ಅವಳಿಗೆ ನನ್ನ ಮೇಲೆ ಕರುಣೆ ಬಂದ ಹಾಗಿತ್ತು.

“ನೀನು ದಿನಾ ಉಪ್ಪು ಹಾಕೋದೇ ಮರೀತೀಯ ಕಣೇ. ಹೇಳಿದ್ರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡ್ತೀಯ. ಅದಕ್ಕೇ ನಾನೇ ಒಂಚೂರು ಸರಿ ಮಾಡ್ತಿದ್ದೆ. ಬೇರೆಯವರ ಮನೆ ಊಟದಲ್ಲಿ ಎಷ್ಟಿರತ್ತೋ ಅಷ್ಟೇ ಮಾಡ್ತಿದ್ದೀನಿ, ಜಾಸ್ತಿ ಅಲ್ಲ.”

“ನಾನು ಉಪ್ಪು ಹಾಕ್ತೀನಿ. ಕಮ್ಮಿ ಹಾಕ್ತೀನಿ. ಆದ್ರೆ ಹಾಕ್ತೀನಿ.”

“ಇಲ್ಲ. ನಂಗೆ ಗೊತ್ತಾಗಲ್ವಾ?”

ವಾದ ಮಾಡುವುದು ನನ್ನಿಂದಾಗದ ಕೆಲಸ. ಎರಡು ಬಟ್ಟಲು ತೆಗೆದೆ. ಎರಡಕ್ಕೂ ಪಾತ್ರೆಯಿಂದ ಬೇಳೆ ಹಾಕಿದೆ. ಅವಳನ್ನು ಆಚೆ ತಿರುಗಿಸಿ, ಒಂದಕ್ಕೆ ಅವಳ ಭರಣಿಯಿಂದ ಪುಡಿ ಹಾಕಿ ಕಲಸಿದೆ, ಯಾರೇ ಆದರೂ ಉಗಿಯಬೇಕು, ಅಷ್ಟು. ಎರಡನ್ನೂ ಕೊಟ್ಟೆ. ಅವಳು ಮೊದಲನೆಯದನ್ನು ಕುಡಿದು ಸಪ್ಪೆ ಎಂದಳು. ಎರಡನೆಯದನ್ನು ಕುಡಿದಳು. ಪರೀಕ್ಷೆಯಲ್ಲಿ ಕೂತ ಹುಡುಗಿಯ ಹಾಗೆ ಕಣ್ಣು ಮುಚ್ಚಿ ಯೋಚಿಸಿದಳು. ಮತ್ತೆ ಮೊದಲನೆಯದು, ಮತ್ತೆ ಎರಡನೆಯದು. ಕೊನೆಗೆ ಎರಡನೆಯದರಲ್ಲಿ ಕೂಡ ಏನೂ ಇಲ್ಲ ಎಂದಳು.

ಪುಡಿ ಇದ್ದದ್ದು ಎರಡನೆಯದರಲ್ಲಿ. ಅವಳು ನನ್ನ ಮುಖ ನೋಡಿದಳು.

“ಯಾವುದ್ರಲ್ಲಿದೆ?”

ನಾನು ಬಟ್ಟಲನ್ನು ಬೆಳಕಿಗೆ ಹಿಡಿದು ತೋರಿಸಿದೆ. ಹಳದಿ ಪುಡಿ ಇನ್ನೂ ಪೂರ್ತಿ ಕರಗಿರಲಿಲ್ಲ.

ಅಮ್ಮ ಅಡುಗೆಮನೆಯ ಕಟ್ಟೆಗೆ ಒರಗಿದಳು. ತುಟಿಯ ಮೇಲೆ ಒಮ್ಮೆ ನಾಲಿಗೆ ಆಡಿಸಿದಳು, ಅದು ಅಲ್ಲೇ ಇದೆಯೋ ಇಲ್ಲವೋ ಎಂದು ನೋಡಿಕೊಳ್ಳುವ ಹಾಗೆ. ಕಾರ್ಖಾನೆಯಲ್ಲಿ ಗಾಳಿಯೆಲ್ಲ ಪುಡಿಯೇ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ ಎನ್ನುತ್ತಾರೆ, ಕಟ್ಟಿಕೊಂಡರೆ ಉಸಿರು ಕಟ್ಟುತ್ತದೆ, ಯಾರೂ ಕಟ್ಟಿಕೊಳ್ಳುವುದಿಲ್ಲ, ಹೀಗೆ ಏನೇನೋ ಹೇಳಿದಳು. ಆಮೇಲೆ, ಹಾಗಾದರೆ ಮೊನ್ನೆ ಮೊಟ್ಟೆಗೂ ನೀನು ಉಪ್ಪು ಹಾಕಿದ್ದೆಯಾ ಎಂದು ಕೇಳಿದಳು. ಹಾಕಿದ್ದೆ ಎಂದೆ.

ಆ ದಿನ ಡಬ್ಬಿಯನ್ನು ಖಾಲಿ ಮಾಡಿ ಪಾತ್ರೆಯಿಂದ ಹೊಸದಾಗಿ ತುಂಬಿದೆವು. ಅವಳೇ ಮುಚ್ಚಿದಳು. ಆದರೆ ನಿಮ್ಮಪ್ಪನಿಗೆ ಇದನ್ನು ಹೇಳಬೇಡ ಎಂದಳು. ನೀನು ಮಾಡಿದ್ದೇ ಚೆನ್ನಾಗಿದೆ ಅಂದುಕೊಂಡು ತಿಂದಿದ್ದಾರೆ, ಹಾಗೇ ಇರಲಿ, ಪಾಪ ನೀನು ಅಷ್ಟು ಕಷ್ಟಪಟ್ಟಿದ್ದೀಯ. ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು. ನನಗೆ ನೋವಾಗದಿರಲಿ ಎಂದು ಅಪ್ಪನ ಒತ್ತಡ ಏರಿಸಿದ್ದಾಯಿತು, ಈಗಲೂ ನನಗೆ ನೋವಾಗಬಾರದಂತೆ.

ನಿರೀಕ್ಷಿಸಿದ ಹಾಗೆ ಡಬ್ಬಿ ಅರ್ಧಕ್ಕರ್ಧ ವಾಪಸು ಬಂತು. ಮರುದಿನವೂ ಹಾಗೇ. ಮೂರನೆಯ ದಿನ ಅಪ್ಪ ಯೂನಿಫಾರ್ಮ್ ಹಾಕಿಕೊಂಡು, ಡಬ್ಬಿಗೆ ಕಾಯುತ್ತಾ ಕುರ್ಚಿಯಲ್ಲಿ ಕುಳಿತಿದ್ದರು. ನನ್ನನ್ನು ಹತ್ತಿರ ಕರೆದು, ಅಮ್ಮನಿಗೆ ಕೇಳಿಸದ ಹಾಗೆ ಗುಟ್ಟಿನಲ್ಲಿ ಹೇಳಿದರು.

“ಯಾಕಮ್ಮ ನಿಲ್ಲಿಸಿಬಿಟ್ಟೆ? ಮೊದಲಿನ ಹಾಗೇ ಒಂಚೂರು ಹಾಕು. ಯಾರಿಗೂ ಹೇಳಲ್ಲ.”

“ಏನು ಹಾಕೋದು?”

“ಅದೇ, ನಿಮ್ಮಮ್ಮನ ಪುಡಿ. ಇಷ್ಟು ವರ್ಷ ತಿಂದವನಿಗೆ ಗೊತ್ತಾಗಲ್ವಾ? ಅಪ್ಪನ ಮೇಲಿನ ಪ್ರೀತಿಗೆ ನೀನೇ ಕದ್ದು ಹಾಕ್ತಿದ್ದೀಯ ಅಂದ್ಕೊಂಡೆ. ಕೇಳಿದ್ರೆ ನಾಚ್ಕೊಂಡು ನಿಲ್ಲಿಸಿಬಿಡ್ತೀಯ ಅಂತ ಸುಮ್ಮನಿದ್ದೆ.”

ಒಬ್ಬಳು ನಾನು ಅಳುತ್ತೇನೆಂದು ಹಾಕಿದಳು. ಇನ್ನೊಬ್ಬರು ನಾನು ನಾಚಿಕೊಳ್ಳುತ್ತೇನೆಂದು ತಿಂದರು. ಇವರಿಬ್ಬರ ಮಧ್ಯೆ ಸೊಪ್ಪು ಬಿಡಿಸಿದವಳು ನಾನು. ಆ ಕ್ಷಣ ತಲೆಯಲ್ಲಿ ಯಾವ ವಾಕ್ಯವೂ ತಯಾರಾಗಲಿಲ್ಲ. ಬಂದದ್ದು ನೇರವಾಗಿ ಹೊಟ್ಟೆಯಿಂದ ಬಂತು.

“ನಿಮಗೆ ಸ್ಟೀರಿಂಗ್ ಬೇಕಾ, ಸೂಪು ಬೇಕಾ? ಈಗಲೇ ಹೇಳಿ. ಸೂಪು ಬೇಕಾದ್ರೆ ಇನ್ಮೇಲೆ ನಾನು ಸಂತೆಗೆ ಹೋಗಲ್ಲ. ಬೂಟು ಡಿಪೋದವರೇ ಕೊಡ್ತಾರಲ್ಲ, ಹಾಕ್ಕೊಂಡು ಬಸ್ಸು ತೊಳೀರಿ.”

ಇದು ನನ್ನ ದನಿಯೇ ಎಂದು ನನಗೇ ಅನುಮಾನವಾಯಿತು. ಮೇಲೆ ಹೊಲಿಗೆ ಯಂತ್ರ ನಿಂತಿತು. ಅಡುಗೆಮನೆಯಲ್ಲಿ ಚಮಚ ಬಿತ್ತು. ಅಪ್ಪ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತಿದ್ದರು. ಮೆಟ್ಟಿಲಿನ ಮೇಲಿಂದ ಅತ್ತೆಯ ತಲೆ ಕಾಣಿಸಿತು. ನನ್ನೊಂದಿಗೆ ಮಾತು ಬಿಟ್ಟದ್ದು ಇನ್ನೂ ಮುಗಿದಿರಲಿಲ್ಲ.

“ಬೈದಳಾ? ಇವಳು ಬೈದಳಾ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಹೌದೆಂದು ತಲೆಯಾಡಿಸಿದರು. “ಮತ್ತೆ ತಿನ್ನೋ ಸುಮ್ಮನೆ,” ಎಂದು ಹೇಳಿ ಅತ್ತೆ ಮೇಲೆ ಹೋದರು.

ನಾನು ಬಚ್ಚಲಿಗೆ ಹೋಗಲಿಲ್ಲ. ಅಡುಗೆಮನೆಗೇ ಹೋದೆ. ಅಮ್ಮ ತೆರೆದ ಡಬ್ಬಿಯ ಮುಂದೆ ನಿಂತಿದ್ದಳು. ರುಚಿ ನೋಡಲಾರಳು, ಮುಚ್ಚಲೂ ಮನಸ್ಸು ಬರದು. ಗುಡ್ಡೆಯ ಜೊತೆ ಬಂದಿದ್ದ ಮುದುಡಿದ ನಿಂಬೆಹಣ್ಣು ಕಣ್ಣಿಗೆ ಬಿತ್ತು. ಅದನ್ನು ಕೊಯ್ದು ಹೋಳೊಂದನ್ನು ಅವಳ ನಾಲಿಗೆಗೆ ಮುಟ್ಟಿಸಿದೆ. ಅವಳ ಒಂದು ಕಣ್ಣು ಮುಚ್ಚಿಕೊಂಡಿತು, ಹೆಗಲು ಕಿವಿಯ ತನಕ ಏರಿತು.

“ಹುಳಿ ಗೊತ್ತಾಗತ್ತೆ,” ಎಂದಳು. ಮತ್ತೆ ತನ್ನಷ್ಟಕ್ಕೆ ಎಂಬಂತೆ, “ಹುಳಿ ಗೊತ್ತಾಗತ್ತೆ.”

ಆ ದಿನದಿಂದ ಡಬ್ಬಿಗೆ ನಿಂಬೆ ಹಿಂಡುವುದು ಅವಳ ಪಾಲಿಗೆ ಬಂತು. ಎಷ್ಟು ಸಾಕು ಎಂದು ಅವಳೇ ಹೇಳುತ್ತಿದ್ದಳು, ಸರಿಯಾಗಿಯೇ ಹೇಳುತ್ತಿದ್ದಳು. ಹುರಿದ ಮೆಣಸನ್ನೂ ಕುಟ್ಟಿ ಹಾಕಿದಳು. ಅಪ್ಪ ಗೊಣಗಿದರು, ಆದರೆ ತಿಂದರು. ಡಬ್ಬಿ ಅರ್ಧ ಹೋಗಿ ಕಾಲು ಉಳಿದು ಬಂತು, ಆಮೇಲೆ ಎರಡು ತುತ್ತು ಉಳಿದು ಬಂತು. ಬೆರಳಲ್ಲಿ ಒರೆಸಿದಷ್ಟು ಬರಿದಾಗಿ ಮಾತ್ರ ಒಂದು ದಿನವೂ ಬರಲಿಲ್ಲ. ಆ ಕಂಡಕ್ಟರು ನನ್ನ ಕೈಗುಣದ ಬಗ್ಗೆ ಮತ್ತೆ ಏನೂ ಹೇಳಿ ಕಳಿಸಲಿಲ್ಲ.

ಗಡುವಿನ ದಿನ ಡಾಕ್ಟರು ಎರಡೂ ತೋಳಿಗೆ ಪಟ್ಟಿ ಸುತ್ತಿ ನೋಡಿದರು. ನಾನು ಅವರ ಮುಖವನ್ನು ನೋಡದೆ ಗೋಡೆಯ ಮೇಲಿನ ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದುತ್ತಾ ನಿಂತಿದ್ದೆ. ಇಳಿದಿದೆ ಎಂದರು. ತುಂಬಾ ಅಲ್ಲ, ಗೆರೆಯ ಈಚೆಗೆ ಕಾಲಿಟ್ಟಿದೆ ಅಷ್ಟೇ, ಗಾಡಿ ಓಡಿಸಬಹುದು, ಆದರೆ ಎರಡು ತಿಂಗಳಿಗೆ ಮತ್ತೆ ಬರಬೇಕು ಎಂದರು. ಅಪ್ಪ ಇನ್ನೂ ಮಾತು ಮರೆತೇ ನಿಂತಿದ್ದರು. ಬರುತ್ತೇವೆ ಎಂದು ನಾನು ಹೇಳಿದೆ. ಈ ಸಲ ಡಾಕ್ಟರು ಇನ್ನೊಮ್ಮೆ ಹೇಳು ಎನ್ನಲಿಲ್ಲ.

ಡಿಪೋದ ಗೇಟಿನ ಹೊರಗೆ ಒಂದು ಗೂಡಂಗಡಿ ಇದೆ. ಅಪ್ಪ ಖುಷಿಯಿಂದ ಕೈಬೀಸುತ್ತಾ ಅದರ ಕಡೆ ನಡೆದು, ತೂಗುಹಾಕಿದ್ದ ಚಿಪ್ಸ್ ಪ್ಯಾಕೆಟ್ಟಿನ ಸಾಲಿಗೆ ಕೈ ಹಾಕಿದರು. ಅಪ್ಪಾ ಎಂದೆ. ಬಸ್ಸಿಗೆ ಕಾಯುತ್ತಿದ್ದ ಸಾಲು ಪೂರ್ತಿ ತಿರುಗಿ ನೋಡಿತು. ಅಪ್ಪ ಪ್ಯಾಕೆಟ್ಟನ್ನು ಬಿಟ್ಟು, ಸುಮ್ಮನೆ ಬೆಲೆ ನೋಡಿದೆ, ಎಷ್ಟು ಜಾಸ್ತಿ ಮಾಡಿದ್ದಾರೆ ನೋಡು ಎಂದರು.

ಮನೆಗೆ ಬಂದಾಗ ಅಮ್ಮ ಆಗಲೇ ಪಾಳಿ ಮುಗಿಸಿ ಬಂದು ಬಾಗಿಲಲ್ಲಿ ನಿಂತಿದ್ದಳು. ಕುತ್ತಿಗೆಯಲ್ಲಿ ಬಟ್ಟೆಯೊಂದು ಇಳಿಬಿದ್ದಿತ್ತು, ಬಾಯಿಗೆ ಕಟ್ಟಿಕೊಂಡು ಕೆಳಗೆ ಎಳೆದದ್ದು. ಅದರ ಹೊರಗಡೆ ಹಳದಿ, ಒಳಗಡೆ ಬಿಳಿ. ಅವಳು ಅಪ್ಪನ ಕೈಯ ಕಡೆ ನೋಡಿದಳು. ಅಪ್ಪ ಎರಡೂ ಕೈ ಎತ್ತಿ ಗಾಳಿಯಲ್ಲಿ ದೊಡ್ಡ ಸ್ಟೀರಿಂಗ್ ಒಂದನ್ನು ಬಲಕ್ಕೆ ತಿರುಗಿಸಿದರು.

ಅಮ್ಮ ಒಳಗೆ ಹೋದಳು. ಕೈ ತೊಳೆದು, ಪಾತ್ರೆಯಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿಕೊಂಡಳು. ಇಷ್ಟೆಲ್ಲ ಆದ ಮೇಲೆಯೂ.

“ಸಪ್ಪೆ,” ಎಂದಳು.

ನಾನು ನಿಂಬೆಹಣ್ಣು ಕೊಯ್ದು ಕೊಟ್ಟೆ. ಅವಳು ಹಿಂಡಿದಳು, ಬೀಜ ಆರಿಸಿ ತೆಗೆದಳು, ಮುಚ್ಚಳವನ್ನು ಎರಡೂ ಕೈಯಿಂದ ಒತ್ತಿ ಮುಚ್ಚಿದಳು. ಅಪ್ಪ ಡಬ್ಬಿ ತೆಗೆದುಕೊಂಡು ಡ್ಯೂಟಿಗೆ ಹೊರಟರು. ನಾನು ಚೀಲ ತೆಗೆದುಕೊಂಡು ಸಂತೆಗೆ ಹೊರಟೆ. ನಾಳೆಗೆ ಮನೆಯಲ್ಲಿ ಒಂದು ಕ್ಯಾರೆಟ್ಟೂ ಇರಲಿಲ್ಲ.